ಒಂದು ಶಬ್ದ, ಒಂದು ನಿಯಮ: ಅಪ್ಪಯ್ಯ ಕಲಿತ ಹೊಸ ಇಸ್ಪೀಟು

"ಎಂತದಾ ಇದು? ಇಷ್ಟು ದೊಡ್ಡ ಎಲೆಯಲ್ಲಿ ಒಂದೇ ಶಬ್ದ ಬರದು ಬಿಟ್ಟಿದ್ದ!"

ಕಳೆದ ಮಳೆಗಾಲದ ಒಂದು ಸಂಜೆ ಅಪ್ಪಯ್ಯ ಕೇಳಿದ ಪ್ರಶ್ನೆ ಇದು. ಸಿದ್ದಾಪುರದ ಹತ್ತಿರ ನಮ್ಮ ಮನೆ. ಕರೆಂಟು ಮಧ್ಯಾಹ್ನವೇ ಹೋಗಿತ್ತು, ಅದರ ಹಿಂದೆಯೇ ನೆಟ್‌ವರ್ಕ್ ಕೂಡ. ವರ್ಕ್ ಫ್ರಂ ಹೋಮ್ ಎಂದು ಬೆಂಗಳೂರಿನಿಂದ ಬಂದಿದ್ದ ನನಗೆ ವರ್ಕೂ ಇಲ್ಲ, ಮಾಡಲು ಬೇರೇನೂ ಇಲ್ಲ. ಜಗಲಿಯಲ್ಲಿ ಹಲಸಿನ ಹಪ್ಪಳದ ತಟ್ಟೆ ಇಟ್ಟುಕೊಂಡು ಅಣ್ಣನ ಮಗ ನಾನು ತಂದುಕೊಟ್ಟ ಹೊಸ ಕಾರ್ಡುಗಳನ್ನು ಹರಡಿ ಕೂತಿದ್ದ. ಶಿರಸಿಯಲ್ಲಿ ಎಂಟನೇ ಕ್ಲಾಸು ಓದುವ ಮಾಣಿ. ಮೊಬೈಲಿನಲ್ಲಿ ಆಡಿ ಆಡಿ 'ಮ್ಯಾಜಿಕ್: ದ ಗ್ಯಾದರಿಂಗ್' ಅವನಿಗೆ ಬಾಯಿಪಾಠ. ಕೈಯಲ್ಲಿ ಹಿಡಿಯುವ ಕಾರ್ಡು ಮಾತ್ರ ಮೊದಲ ಸಲ.

ಅಪ್ಪಯ್ಯನ ಕೈಯಲ್ಲಿದ್ದ ಎಲೆಯ ಮೇಲ್ಭಾಗದಲ್ಲಿ ಒಂದು ಭಯಂಕರ ಡೈನೋಸಾರ್, ಕೆಳಗೆ 6/6 ಎಂಬ ಅಂಕಿ, ನಡುವೆ 'ಟ್ರಾಂಪಲ್' ಎಂಬ ಒಂದು ಶಬ್ದ.

ಅಪ್ಪಯ್ಯ ಇಸ್ಪೀಟಿನವರು. ದುಡ್ಡಿಟ್ಟು ಆಡುವವರಲ್ಲ, 28ರ ಆಟದವರು. ಆಡಿ ಗೊತ್ತಿಲ್ಲದವರಿಗಾಗಿ ಹೇಳಿಬಿಡುತ್ತೇನೆ: ಏಳರಿಂದ ಎಕ್ಕದವರೆಗಿನ 32 ಎಲೆ, ನಾಲ್ಕು ಜನ, ಎದುರುಬದುರು ಕೂತವರು ಜೊತೆಗಾರರು. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಒಂದು ಜಾತಿಗೆ 7, ನಾಲ್ಕು ಜಾತಿಗೆ 28. ರಾಜನಿಗೂ ರಾಣಿಗೂ ಸೊನ್ನೆ! ಕಿರೀಟ ಇಟ್ಟುಕೊಂಡವನಿಗೆ ಕಿಮ್ಮತ್ತಿಲ್ಲ, ಗುಲಾಮನೇ ದೊರೆ. ಚಿಕ್ಕವರಿದ್ದಾಗ ನಮಗೆ ಇದೇ ದೊಡ್ಡ ತಮಾಷೆ.

ನಮ್ಮ ಜಗಲಿಯಲ್ಲಿ ಮಳೆಗಾಲವೆಂದರೆ ನಾಲ್ಕು ಜನ, ಒಂದು ಚಾಪೆ, ಒಂದು ಕಟ್ಟು ಎಲೆ. ಆ ನಾಲ್ವರಲ್ಲಿ ಒಬ್ಬರು ಈಗಿಲ್ಲ. ಇನ್ನೊಬ್ಬರು ಮಗನ ಮನೆಗೆಂದು ಪುಣೆಗೆ ಹೋದವರು ಅಲ್ಲೇ ಉಳಿದರು. ಉಳಿದ ಇಬ್ಬರಿಗೆ ಕೈ ಸಾಲದು. ನಮ್ಮ ಕಡೆಯ ಊರುಗಳ ಕತೆ ನಿಮಗೆ ಗೊತ್ತೇ ಇದೆ. ಮನೆ ದೊಡ್ಡದು, ತೋಟ ದೊಡ್ಡದು, ಸಂಜೆ ದೀಪ ಹಚ್ಚಿದ ಮೇಲೆ ಕೂತು ಮಾತಾಡಲು ಜನ ಇಲ್ಲ. ಎರಡು ವರ್ಷದಿಂದ ಆ ಎಲೆಗಳು ಬಿಸ್ಕತ್ತಿನ ಡಬ್ಬಿಯೊಳಗೇ ಇದ್ದವು.

ಹಾಗಾಗಿ ಅಂದು ಮಾಣಿ "ಅಜ್ಜ, ಇದು ಇಬ್ಬರೇ ಆಡೋ ಆಟ" ಎಂದಾಗ ಅಪ್ಪಯ್ಯ ಕನ್ನಡಕ ಸರಿಮಾಡಿಕೊಂಡು ಸ್ವಲ್ಪ ಮುಂದೆ ಸರಿದು ಕೂತದ್ದನ್ನು ನಾನು ಗಮನಿಸಿದೆ.

ಆಟದ ಬಗ್ಗೆ ಎರಡು ಮಾತು. ರಿಚರ್ಡ್ ಗಾರ್ಫೀಲ್ಡ್ ಎಂಬ ಅಮೆರಿಕದ ಗಣಿತಜ್ಞ ಇದನ್ನು ರೂಪಿಸಿದರು. 1993ರಲ್ಲಿ 'ವಿಝರ್ಡ್ಸ್ ಆಫ್ ದ ಕೋಸ್ಟ್' ಕಂಪನಿ ಮಾರುಕಟ್ಟೆಗೆ ತಂದಿತು. ಈಗ ನಾವು ಟ್ರೇಡಿಂಗ್ ಕಾರ್ಡ್ ಗೇಮ್ ಎಂದು ಕರೆಯುವ ಇಡೀ ವಂಶಕ್ಕೆ ಇದೇ ಮೂಲಪುರುಷ. ಇಬ್ಬರಿಗೂ ತಲಾ 20 ಜೀವ, ಕೈಯಲ್ಲಿ 7 ಎಲೆ. ಇಸ್ಪೀಟಿನಂತೆ ಎಲ್ಲರಿಗೂ ಒಂದೇ ಕಟ್ಟು ಅಲ್ಲ. ಕನಿಷ್ಠ 60 ಎಲೆಗಳ ಕಟ್ಟನ್ನು ಅವರವರೇ ಕಟ್ಟಿಕೊಂಡು ಬರಬೇಕು. ಪ್ರಾಣಿ, ಯೋಧ, ದೇವತೆ, ಭೂತ ಎಲ್ಲ ಎಲೆಗಳ ರೂಪದಲ್ಲಿ ಕಣಕ್ಕೆ ಇಳಿಯುತ್ತವೆ. ಮೂಲೆಯಲ್ಲಿರುವ ಎರಡು ಅಂಕಿಗಳಲ್ಲಿ ಮೊದಲನೆಯದು ಹೊಡೆತದ ಬಲ, ಎರಡನೆಯದು ತಾಳಿಕೊಳ್ಳುವ ಬಲ. ನಾನು ದಾಳಿ ಮಾಡುತ್ತೇನೆ, ನೀವು ಅಡ್ಡ ನಿಲ್ಲಿಸುತ್ತೀರಿ. ಅಡ್ಡ ಯಾರೂ ಇಲ್ಲದಿದ್ದರೆ ಪೆಟ್ಟು ನೇರ ನಿಮ್ಮ ಜೀವಕ್ಕೆ.

ಇಷ್ಟೇ ಆಗಿದ್ದರೆ ಎರಡು ದಿನಕ್ಕೆ ಬೇಜಾರು ಬರುತ್ತಿತ್ತು. ರುಚಿ ಇರುವುದು ಅಪ್ಪಯ್ಯನ ಕಣ್ಣಿಗೆ ಬಿದ್ದ ಆ ಒಂಟಿ ಶಬ್ದದಲ್ಲಿ. ಆಟಗಾರರು ಅದನ್ನು ಕೀವರ್ಡ್ ಎನ್ನುತ್ತಾರೆ. ಒಂದು ಇಡೀ ನಿಯಮವನ್ನು ಮಡಚಿ, ಒಂದು ಶಬ್ದದ ಪೊಟ್ಟಣದಲ್ಲಿ ಕಟ್ಟಿ ಎಲೆಯ ಮೇಲೆ ಇಟ್ಟಿರುತ್ತಾರೆ. ಪೊಟ್ಟಣ ಬಿಚ್ಚಿದರೆ ಒಳಗಿರುವುದು ಏನೆಂದು ದೊಡ್ಡ ನಿಯಮ ಪುಸ್ತಕದ 702ನೇ ಭಾಗದಲ್ಲಿ ಒಂದೊಂದಾಗಿ ಬರೆದಿದೆ: 702.9 ಹಾರಾಟ, 702.19 ಟ್ರಾಂಪಲ್, ಹೀಗೆ.

ಇದನ್ನು ಅಪ್ಪಯ್ಯನಿಗೆ ಹೇಗೆ ಹೇಳುವುದು? ಮಾಣಿ ಶುರುಮಾಡಿದ. "ಅಜ್ಜ, ಕೀವರ್ಡ್ ಅಂದ್ರೆ ಅಬಿಲಿಟಿ. ಎಬಿಲಿಟಿ ಅಂದ್ರೆ..." ಅಲ್ಲಿಗೇ ಸಿಕ್ಕಿಹಾಕಿಕೊಂಡ. ನನಗೆ ತಟ್ಟನೆ ನೆನಪಾದದ್ದು ದಿನಾ ಸಂಜೆ ವಾಟ್ಸ್‌ಆ್ಯಪಿನಲ್ಲಿ ಬರುವ ಅಡಿಕೆ ರೇಟು.

ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಪೇಟೆಯ ಧಾರಣೆ ಪಟ್ಟಿ ನೋಡಿ. ಬಿಳಿಗೋಟು, ಕೆಂಪುಗೋಟು, ಚಾಲಿ, ರಾಶಿ, ಬೆಟ್ಟೆ, ಕೋಕಾ, ತಟ್ಟಿಬೆಟ್ಟೆ. ಯಲ್ಲಾಪುರದ ಪಟ್ಟಿಯಲ್ಲಿ ಇನ್ನೊಂದು 'ಅಪಿ'. ಒಂದೊಂದೇ ಶಬ್ದ, ಪಕ್ಕದಲ್ಲಿ ದರ. ಚಾಲಿ ಎಂದರೆ ಹಣ್ಣಡಿಕೆಯನ್ನು ಸಿಪ್ಪೆಸಮೇತ ಅಂಗಳದಲ್ಲಿ ಒಂದೂವರೆ ತಿಂಗಳ ಹತ್ತಿರ ಬಿಸಿಲಿಗೆ ಒಣಗಿಸಿ ಆಮೇಲೆ ಸುಲಿದದ್ದು. ರಾಶಿ ಎಂದರೆ ಹಸಿ ಅಡಿಕೆ ಸುಲಿದು, ಚೊಗರಿನಲ್ಲಿ ಬೇಯಿಸಿ ಒಣಗಿಸಿದ ಕೆಂಪಡಿಕೆಯ ಒಂದು ದರ್ಜೆ. ಇಷ್ಟೆಲ್ಲವನ್ನೂ ಪಟ್ಟಿಯಲ್ಲಿ ಯಾರೂ ಬರೆಯುವುದಿಲ್ಲ. 1923ರಲ್ಲಿ ಶುರುವಾದ ಶಿರಸಿಯ ಟಿ.ಎಸ್.ಎಸ್. ಅಂಗಳದಲ್ಲಿ ನಿಂತು 'ಚಾಲಿ' ಎಂದರೆ ಕೊಡುವವನಿಗೂ ಕೊಳ್ಳುವವನಿಗೂ ಒಂದೇ ಅರ್ಥ. ಅರ್ಥದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಜಗಳ.

ಇನ್ನೊಂದು ವಿಷಯ. 'ರಾಶಿ' ಎಂದರೆ ಬೆಂಗಳೂರಿನವರಿಗೆ ಗುಡ್ಡೆ, ಇಲ್ಲವೇ ಮೇಷ-ವೃಷಭ. ನಮ್ಮ ಮನೆಮಾತಿನಲ್ಲಿ ಬಹಳ ಎಂದರ್ಥ. 'ರಾಶಿ ಚೊಲೊ ಇದ್ದು' ಅನ್ನುತ್ತೇವಲ್ಲ. ಆದರೆ ಪೇಟೆಯ ಪಟ್ಟಿಯಲ್ಲಿ ಆ ಯಾವ ಅರ್ಥವೂ ನಡೆಯುವುದಿಲ್ಲ. ಕಾರ್ಡಿನ ಕೀವರ್ಡ್ ಕೂಡ ಹಾಗೆಯೇ. ಅದು ನೋಡಲು ನಿತ್ಯದ ಶಬ್ದ, ಕೆಲಸ ಮಾಡುವುದು ಮಾತ್ರ ಪಟ್ಟಿಯ ಅರ್ಥದಲ್ಲಿ.

"ಹಾಂ, ಹಂಗಾದ್ರೆ ತುರುಪು ಇದ್ದಾಂಗೆ" ಎಂದರು ಅಪ್ಪಯ್ಯ.

ಇದು ನನಗೆ ಹೊಳೆದೇ ಇರಲಿಲ್ಲ. ತುರುಪು ಎಂಬ ಮೂರಕ್ಷರದಲ್ಲಿ ಎಷ್ಟೊಂದು ಅಡಗಿದೆ! ಅದೇ ಜಾತಿಯ ಎಲೆ ಕೈಯಲ್ಲಿದ್ದರೆ ಅದನ್ನೇ ಹಾಕಬೇಕು, ಇಲ್ಲದಿದ್ದರೆ ಮುಚ್ಚಿಟ್ಟ ತುರುಪು ತೆಗೆಸಬಹುದು, ತೆಗೆದ ಮೇಲೆ ತುರುಪಿನ ಏಳು ಬೇರೆ ಜಾತಿಯ ಗುಲಾಮನನ್ನೂ ಹೊಡೆಯುತ್ತದೆ. ವ್ಯತ್ಯಾಸ ಒಂದೇ. ಇಸ್ಪೀಟಿನಲ್ಲಿ ತುರುಪು ಯಾವುದೆಂದು ಆ ಆಟಕ್ಕೆ ಕೂಗಿದವರು ಗೊತ್ತುಮಾಡುತ್ತಾರೆ, ಎಲೆಯ ಮೇಲೆ ಬರೆದಿರುವುದಿಲ್ಲ. ಇಲ್ಲಿ ಶಬ್ದ ಎಲೆಗೇ ಅಂಟಿಕೊಂಡಿದೆ.

ಅಪ್ಪಯ್ಯ ಎದ್ದು ಒಳಗೆ ಹೋಗಿ ಕೊನೆಕೊಯ್ಲಿನ ಲೆಕ್ಕದ ಪುಸ್ತಕ ತಂದರು. ಹಿಂದಿನ ಪುಟ ತಿರುಗಿಸಿ, "ಹೇಳು ಮಾಣಿ, ಬರಕತ್ತೆ" ಎಂದರು.

ಅವರದು ಕನ್ನಡ ಮಾಧ್ಯಮದ ಓದು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಾರೆ, ಉದ್ದ ವಾಕ್ಯ ಬಂದರೆ ಪಕ್ಕಕ್ಕಿಡುತ್ತಾರೆ. ಈ ಆಟದ ಎಲೆಗಳು ಕನ್ನಡದಲ್ಲಿ ಅಚ್ಚಾಗುವುದಿಲ್ಲ. ಕೀವರ್ಡ್ ಇಲ್ಲದ ಎಲೆಗಳಾಗಿದ್ದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು. ಯು-ಗಿ-ಓ ಆಟದ ಕಾರ್ಡು ನೋಡಿದ್ದೀರಾ? ಅಲ್ಲಿ ಹೀಗೆ ಹೆಸರಿಟ್ಟು ಮಡಚುವುದು ಕಡಿಮೆ. ಎಷ್ಟೋ ಎಲೆಗಳಲ್ಲಿ ಇಡೀ ನಿಯಮವನ್ನು ಇರುವೆ ಸಾಲಿನಂಥ ಅಕ್ಷರದಲ್ಲಿ ತುಂಬಿಸಿರುತ್ತಾರೆ. ಓದಲು ಭೂತಗನ್ನಡಿ ಬೇಕು. ಮ್ಯಾಜಿಕ್‌ನ ಸುಲಭದ ಎಲೆಗಳಿಗೆ ಹತ್ತು ಹನ್ನೆರಡು ಶಬ್ದ ಗೊತ್ತಿದ್ದರೆ ಸಾಕು.

ಮೊದಲು ಬರೆಸಿದ್ದು 'ಫ್ಲೈಯಿಂಗ್'. ಅಪ್ಪಯ್ಯ 'ಹಾರು' ಎಂದು ಬರೆದುಕೊಂಡರು. ಹಾರುವ ಪ್ರಾಣಿಗೆ ಅಡ್ಡ ನಿಲ್ಲಲು ಇನ್ನೊಂದು ಹಾರುವ ಪ್ರಾಣಿಯೇ ಬೇಕು, ಇಲ್ಲವೇ 'ರೀಚ್' ಇರುವಂಥದ್ದು. ರೀಚ್ ಎಂದರೆ ಹಾರಲು ಬಾರದಿದ್ದರೂ ಮೇಲಿದ್ದದ್ದನ್ನು ಎಟುಕಿಸಿಕೊಳ್ಳುವುದು. ಅಪ್ಪಯ್ಯ ಅದಕ್ಕೆ 'ದೋಟಿ' ಎಂದು ಹೆಸರಿಟ್ಟರು. ತೋಟದವರಿಗೆ ಇದಕ್ಕಿಂತ ಒಳ್ಳೆಯ ಶಬ್ದ ಯಾವುದಿದೆ?

ರೀಚ್‌ನ ಹಿಂದೆ ಒಂದು ಕತೆ ಇದೆ. 1993ರ ಮೊದಲ ಎಲೆಗಳಲ್ಲೇ 'ಜೈಂಟ್ ಸ್ಪೈಡರ್' ಎಂಬ 2/4ರ ಜೇಡ ಇತ್ತು. ಜೇಡ ಹಾರುವುದಿಲ್ಲ, ಬಲೆ ಕಟ್ಟಿ ಹಾರುವುದನ್ನು ಹಿಡಿಯುತ್ತದೆ. ಆಗ ಅದಕ್ಕೊಂದು ಹೆಸರಿರಲಿಲ್ಲ. ಹಾರುವವುಗಳಿಗೂ ಇದು ಅಡ್ಡ ನಿಲ್ಲಬಲ್ಲದು ಎಂಬ ಅರ್ಥದ ಒಂದು ವಾಕ್ಯವನ್ನೇ ಅಚ್ಚು ಹಾಕುತ್ತಿದ್ದರು. 2007ರಲ್ಲಿ ಆ ವಾಕ್ಯಕ್ಕೆ ರೀಚ್ ಎಂದು ನಾಮಕರಣವಾಯಿತು. ಅದೇ ವರ್ಷ 'ಡೆತ್‌ಟಚ್', 'ಲೈಫ್‌ಲಿಂಕ್'ಗಳಿಗೂ ಹೆಸರು ಬಂತು. ದಾಳಿ ಮಾಡಿದರೂ ದಣಿಯದೆ ಕಾವಲಿಗೆ ಉಳಿಯುವ 'ವಿಜಿಲೆನ್ಸ್' 2004ರದು. ಅಂದರೆ ಮೊದಲು ವಾಕ್ಯ, ಆಡಿ ಆಡಿ ಸವೆದ ಮೇಲೆ ಶಬ್ದ. ಹೊಸಬರಿಗಾಗಿ ಈಗಲೂ ಕೆಲವು ಎಲೆಗಳಲ್ಲಿ ಶಬ್ದದ ಪಕ್ಕ ಕಂಸದಲ್ಲಿ ಓರೆ ಅಕ್ಷರದ ವಿವರಣೆ ಇರುತ್ತದೆ. ಅದು ಬರೀ ನೆನಪಿಗೆ. ಅಸಲಿ ನಿಯಮ ಪುಸ್ತಕದಲ್ಲೇ.

ಹಾರಾಟದ ವಿಷಯದಲ್ಲಿ ನಾನೇ ಒಮ್ಮೆ ಮುಗ್ಗರಿಸಿದ್ದೇನೆ. ಬೆಂಗಳೂರಿನಲ್ಲಿ ಆಟ ಕಲಿತ ಹೊಸತು. ಆಫೀಸು ಮುಗಿಸಿ ಹೋಗಿ ಅಪರಿಚಿತರೊಬ್ಬರ ಎದುರು ಕೂತಿದ್ದೆ. ಅವರ ಹತ್ತಿರ ಹಾರುವ ದೇವತೆಯೊಂದೇ ಉಳಿದಿತ್ತು. ಆಕಾಶದಲ್ಲಿರುವುದು ನೆಲದ ಮೇಲಿನ ನನ್ನ ಯೋಧನನ್ನು ಹೇಗೆ ತಡೆದೀತು ಎಂದುಕೊಂಡು ಧೈರ್ಯವಾಗಿ ನುಗ್ಗಿದೆ. ತಡೆಯಿತು. ಹಾರುವುದನ್ನು ಯಾರು ತಡೆಯಬಹುದು ಎಂದಷ್ಟೇ ಆ ಶಬ್ದ ಹೇಳುತ್ತದೆ. ಹಾರುವುದು ಯಾರನ್ನು ತಡೆಯಬಾರದು ಎಂದು ಅದು ಎಲ್ಲೂ ಹೇಳಿಲ್ಲ! ಎದುರಿನವರು ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ.

ಇನ್ನು ಆ ಡೈನೋಸಾರಿನ ಟ್ರಾಂಪಲ್. ಸಾಮಾನ್ಯವಾಗಿ ಅಡ್ಡ ಒಂದು ಇಲಿ ನಿಂತರೂ ಪೆಟ್ಟು ಪೂರ್ತಿ ಅಲ್ಲಿಗೇ ನಿಲ್ಲುತ್ತದೆ. ಹಿಂದಿರುವ ಆಟಗಾರನಿಗೆ ಒಂದೂ ತಾಗುವುದಿಲ್ಲ. ಟ್ರಾಂಪಲ್ ಇದ್ದರೆ ಅಡ್ಡ ನಿಂತದ್ದನ್ನು ಸಾಯಿಸಲು ಎಷ್ಟು ಬೇಕೋ ಅಷ್ಟನ್ನು ಅಲ್ಲಿ ಖರ್ಚು ಮಾಡಿ, ಮಿಕ್ಕಿದ್ದನ್ನು ಆಟಗಾರನ ಮೇಲೆ ಹಾಕಬಹುದು. "ಯಲ್ಲಾಪುರ ಬದಿ ಗದ್ದೆಗೆ ಆನೆ ನುಗ್ಗಿದಾಂಗೆ" ಎಂದರು ಅಪ್ಪಯ್ಯ. ಬೇಲಿ ಮುರಿಯುವಷ್ಟು ಬಲ ಬೇಲಿಗೆ, ಉಳಿದದ್ದೆಲ್ಲ ಭತ್ತಕ್ಕೆ. ಎಲೆಯ ಹೆಸರು 'ಕೊಲೋಸಲ್ ಡ್ರೆಡ್‌ಮಾ'. ನಮ್ಮ ಮನೆಯಲ್ಲಿ ಅಂದಿನಿಂದ ಅದು ಆನೆ, ಶಬ್ದ 'ತುಳಿತ'.

'ಫಸ್ಟ್ ಸ್ಟ್ರೈಕ್' ಬೇಗ ಮುಗಿಯಿತು. ಎರಡೂ ಕಡೆಯ ಪೆಟ್ಟು ಒಟ್ಟಿಗೇ ಬೀಳುವುದು ವಾಡಿಕೆ. ಈ ಶಬ್ದ ಇದ್ದವನದು ಮೊದಲು ಬೀಳುತ್ತದೆ. ಅಷ್ಟರಲ್ಲಿ ಎದುರಿನದು ಸತ್ತರೆ ತಿರುಗಿ ಹೊಡೆಯಲು ಅದೇ ಇರುವುದಿಲ್ಲ. 'ಮೊದ್ಲ ಪೆಟ್ಟು'.

ತಕರಾರು ಎದ್ದದ್ದು ಡೆತ್‌ಟಚ್‌ಗೆ. ಇದು ಇರುವ ಪ್ರಾಣಿ ಇನ್ನೊಂದು ಪ್ರಾಣಿಗೆ ಒಂದೇ ಒಂದು ಪೆಟ್ಟು ಕೊಟ್ಟರೂ ಸಾಕು, ಅದು ಎಷ್ಟೇ ದೊಡ್ಡದಿರಲಿ, ಸಾಯುತ್ತದೆ. ಅಪ್ಪಯ್ಯ 'ವಿಷ' ಎಂದು ಬರೆದುಕೊಂಡರು. ಎರಡನೇ ಆಟದಲ್ಲೇ ಅವರ ವಿಷದ ಹಾವೊಂದು ತಡೆಯಿಲ್ಲದೆ ನುಗ್ಗಿ ಮಾಣಿಗೆ ಒಂದು ಪೆಟ್ಟು ಕೊಟ್ಟಿತು. "ಮುಗತ್ತು ನಿನ್ನ ಕತೆ" ಎಂದು ಎಲೆ ಕೆಳಗಿಟ್ಟರು.

"ಇಲ್ಲೆ ಅಜ್ಜ, ಅದು ಪ್ರಾಣಿಗೆ ಮಾತ್ರ. ಆಡವ್ರಿಗೆ ತಾಗ್ತಿಲ್ಲೆ. ನಂದು ಒಂದು ಜೀವ ಹೋತು, ಅಷ್ಟೇ."

"ವಿಷ ಅಂದಮೇಲೆ ಮನ್ಷಂಗೆ ತಾಗ್ತಿಲ್ಯನಾ? ಎಂತಾ ವಿಷ ಅದು?"

ಇಲ್ಲಿ ತಪ್ಪು ಅಪ್ಪಯ್ಯನದಲ್ಲ, ನಾವು ಇಟ್ಟ ಹೆಸರಿನದು. ಕನ್ನಡದ ವಿಷ ತನ್ನ ಜೊತೆ ತನ್ನ ಅರ್ಥವನ್ನೂ ಹೊತ್ತುಕೊಂಡು ಬಂದಿತ್ತು. ಇಂಗ್ಲಿಷಿನಲ್ಲಿ ಆಡುವವರಿಗೂ ಇದು ತಪ್ಪಿದ್ದಲ್ಲ. ಅಪ್ಪಯ್ಯ ಪುಸ್ತಕದಲ್ಲಿ 'ವಿಷ'ವನ್ನು ಹೊಡೆದುಹಾಕಿ 'ಡೆತ್ ಟಚ್' ಎಂದು ಕನ್ನಡ ಅಕ್ಷರದಲ್ಲೇ ಬರೆದರು. ಕೆಳಗೆ ಸಣ್ಣದಾಗಿ, 'ಪ್ರಾಣಿಗೆ ಮಾತ್ರ'. ಮಾತಿನಲ್ಲಿ ಮಾತ್ರ ವಿಷವೇ ಉಳಿಯಿತು. ಮುಂದೆ ಯಾವ ಹೊಸ ಶಬ್ದ ಬಂದರೂ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ, "ಪುಸ್ತಕದಲ್ಲಿ ಎಂತಾ ಹೇಳಿದ್ದ?"

ನಾಲ್ಕನೇ ದಿನ. ಮಳೆ ಹಾಗೇ ಇತ್ತು. ಮೂರೂ ದಿನ ಮಾಣಿಯೇ ಗೆದ್ದಿದ್ದ, ಸ್ವಲ್ಪ ಜಂಬವೂ ಬಂದಿತ್ತು. ಅಂದು ಮಾಣಿಗೆ ಉಳಿದದ್ದು 4 ಜೀವ, ಮುಂದೆ ಆ 2/4ರ ಜೇಡ. ಅಪ್ಪಯ್ಯನ ಕಡೆ ಆನೆ. ಜೊತೆಗೆ 'ಬೆಸಿಲಿಸ್ಕ್ ಕಾಲರ್' ಎಂಬ ಕೊರಳಪಟ್ಟಿ. ಇದು ಪ್ರಾಣಿಯಲ್ಲ, ಪ್ರಾಣಿಗೆ ತೊಡಿಸುವ ವಸ್ತು. ಅದರ ಮೇಲೆ 'ಎಕ್ವಿಪ್ 2' ಎಂದಿರುತ್ತದೆ. ಇದೂ ಕೀವರ್ಡೇ, ಪಕ್ಕದಲ್ಲಿ ಬೆಲೆ ಇರುವಂಥದ್ದು. 2 ಕೊಟ್ಟರೆ ತೊಡಿಸಬಹುದು. ತೊಟ್ಟವರಿಗೆ ಡೆತ್‌ಟಚ್ ಮತ್ತು ಲೈಫ್‌ಲಿಂಕ್ ಎರಡೂ ಬರುತ್ತವೆ. ಲೈಫ್‌ಲಿಂಕ್ ಎಂದರೆ ಎಷ್ಟು ಪೆಟ್ಟು ಕೊಟ್ಟಿತೋ ಅಷ್ಟು ಜೀವ ನಿಮಗೆ.

ಅಪ್ಪಯ್ಯ ಆನೆಗೆ ಪಟ್ಟಿ ತೊಡಿಸಿ ನುಗ್ಗಿಸಿದರು. ಮಾಣಿ ಜೇಡ ಅಡ್ಡ ಹಾಕಿದ. ಲೆಕ್ಕ ಅವನಿಗೆ ಸ್ಪಷ್ಟ: ಆರರಲ್ಲಿ ನಾಲ್ಕು ಜೇಡಕ್ಕೆ, ಎರಡು ತನಗೆ. ಎರಡು ಜೀವ ಉಳಿಯುತ್ತದೆ, ಮುಂದಿನ ಸರದಿ ತನ್ನದು.

"ಐದು" ಎಂದರು ಅಪ್ಪಯ್ಯ.

"ಎರಡು ಅಜ್ಜ."

"ಐದು. ನೋಡು ಇಲ್ಲಿ. ತುಳಿತ ಅಂದ್ರೆ ಅಡ್ಡ ಬಂದದ್ದು ಸಾಯಕ್ಕೆ ಎಷ್ಟು ಬೇಕೋ ಅಷ್ಟು ಅಲ್ಲಿ, ಉಳಿದದ್ದು ಮುಂದೆ. ನೀನೇ ಬರೆಸಿದ್ದೆ. ವಿಷ ಇದ್ರೆ ಸಾಯಕ್ಕೆ ಒಂದೇ ಸಾಕು. ಅದನ್ನೂ ನೀನೇ ಬರೆಸಿದ್ದೆ. ಆರರಲ್ಲಿ ಒಂದು ಹೋದ್ರೆ ಎಷ್ಟು?"

ಮಾಣಿ ನನ್ನ ಮುಖ ನೋಡಿದ. ನನಗೂ ಒಂದು ಕ್ಷಣ ಗೊತ್ತಾಗಲಿಲ್ಲ. ಹಿತ್ತಿಲ ದರೆಯ ಮೇಲೆ ಛತ್ರಿ ಹಿಡಿದು ನಿಂತು, ಒಂದು ಕಡ್ಡಿ ನೆಟ್‌ವರ್ಕ್ ಹುಡುಕಿ, ನಿಯಮ ಪುಸ್ತಕ ತೆರೆದು ನೋಡಿದೆ. ಅಪ್ಪಯ್ಯ ಹೇಳಿದ್ದೇ ಸರಿ. ಡೆತ್‌ಟಚ್ ಇದ್ದಾಗ ಒಂದು ಪೆಟ್ಟೇ ಸಾಯುವಷ್ಟು ಪೆಟ್ಟು ಎಂದು ಲೆಕ್ಕ. ಒಂದು ಜೇಡಕ್ಕೆ, ಐದು ಆಟಗಾರನಿಗೆ. ಮೇಲಿಂದ ಲೈಫ್‌ಲಿಂಕ್‌ನ ಆರು ಜೀವ ಅಪ್ಪಯ್ಯನಿಗೆ.

ಈ ಎರಡು ಶಬ್ದ ಸೇರಿದರೆ ಏನಾಗುತ್ತದೆ ಎಂದು ಅಪ್ಪಯ್ಯನಿಗೆ ಯಾರೂ ಹೇಳಿರಲಿಲ್ಲ. ಇದು ಈ ಆಟದ ದೊಡ್ಡ ಜಾಣ್ಮೆ ಎಂದು ನನಗೆ ಅನಿಸುತ್ತದೆ. ಶಬ್ದಗಳನ್ನು ಬೇರೆ ಬೇರೆ ಕಲಿತರೆ ಸಾಕು, ಅವು ಕೂಡಿದಾಗ ಹುಟ್ಟುವ ಮೂರನೆಯದನ್ನು ನಾವೇ ಲೆಕ್ಕ ಹಾಕಿ ತೆಗೆಯಬಹುದು. ಪ್ರತಿ ಜೋಡಿಗೂ ಬೇರೆ ನಿಯಮ ಬರೆಯುತ್ತ ಹೋಗಿದ್ದರೆ ಯಾರ ತಲೆಯಲ್ಲೂ ನಿಲ್ಲುತ್ತಿರಲಿಲ್ಲ. ಮಾಣಿ ನೂರಾರು ಆಟ ಆಡಿದ್ದಾನೆ, ಆದರೆ ಮೊಬೈಲಿನಲ್ಲಿ ಲೆಕ್ಕವನ್ನೆಲ್ಲ ಆ್ಯಪೇ ಹಾಕಿ ಮುಗಿಸಿಬಿಡುತ್ತದೆ. ಶಬ್ದವನ್ನು ಬಿಚ್ಚಿ ನೋಡುವ ಪ್ರಮೇಯವೇ ಅವನಿಗೆ ಬಂದಿರಲಿಲ್ಲ. ಅಪ್ಪಯ್ಯನದು ಪೆನ್ಸಿಲ್ ಲೆಕ್ಕ.

ಮಾಣಿ ಎಲೆಗಳನ್ನು ಹಾಗೇ ಬಿಟ್ಟು ಒಳಗೆ ಹೋದ. ಸೋತದ್ದಕ್ಕಲ್ಲ, ತನಗೆ ಗೊತ್ತಿಲ್ಲದ್ದು ಅಜ್ಜನಿಗೆ ಗೊತ್ತಾದದ್ದಕ್ಕೆ ಸಿಟ್ಟು. ಅಪ್ಪಯ್ಯ ಏನೂ ಅನ್ನಲಿಲ್ಲ. ಎಲೆಗಳನ್ನು ಒಟ್ಟುಮಾಡಿ, ಅವನ ಕಟ್ಟು ಅವನಿಗೆ, ತನ್ನ ಕಟ್ಟು ತನಗೆ ಎಂದು ಬೇರೆ ಮಾಡಿ, ಎರಡನ್ನೂ ಆ ಬಿಸ್ಕತ್ತಿನ ಡಬ್ಬಿಗೆ ಹಾಕಿದರು. ಹಳೆಯ ಇಸ್ಪೀಟಿನ ಕಟ್ಟಿನ ಪಕ್ಕ. ಊಟದ ಹೊತ್ತಿಗೆ ಮಾಣಿಯೇ ಕೇಳಿದ, "ಅಜ್ಜ, ನಾಳೆ ಆ ಕಾಲರ್ ನಂಗೆ ಕೊಡ್ತ್ಯಾ?"

"ನಿನ್ನ ಆನೆ ಎಲ್ಲಿದ್ದು?"

ನಾನು ಬೆಂಗಳೂರಿಗೆ ವಾಪಸು ಬಂದೆ. ಮಾಣಿ ಈಗ ಶನಿವಾರ ಶಾಲೆ ಮುಗಿಸಿ ಶಿರಸಿಯಿಂದ ಬಸ್ಸಿಗೆ ಬರುತ್ತಾನೆ, ಭಾನುವಾರ ಸಂಜೆ ಹೋಗುತ್ತಾನೆ. ಮೊದಲು ತಿಂಗಳಿಗೊಮ್ಮೆ ಬರುತ್ತಿದ್ದವನು. ಅವರಿಬ್ಬರೂ ಏನೇನು ಆಡುತ್ತಾರೋ ನನಗೆ ಪೂರ್ತಿ ವರದಿ ಬರುವುದಿಲ್ಲ, ಜಗಳ ಬಂದಾಗ ಮಾತ್ರ ಫೋನು ಬರುತ್ತದೆ.

ಮೊನ್ನೆ ಭಾನುವಾರ ಮಧ್ಯಾಹ್ನ ಹಾಗೇ ಬಂತು. ಈ ಸಲದ ಶಬ್ದ 'ಇಂಡಿಸ್ಟ್ರಕ್ಟಿಬಲ್', ಅಂದರೆ ನಾಶವಾಗದ್ದು. ಮಾಣಿ ತನ್ನ ಜೇಡಕ್ಕೆ ಅದನ್ನು ಕೊಟ್ಟು ಮತ್ತೆ ಆನೆಗೆ ಅಡ್ಡ ಹಾಕಿದ್ದ. ಜೇಡ ಸಾಯುವುದಿಲ್ಲ ಎಂದಮೇಲೆ ಪೆಟ್ಟು ಮುಂದೆ ಹೇಗೆ ಹೋದೀತು ಎಂಬುದು ಅವನ ವಾದ. ನಾನು ಪುಸ್ತಕ ನೋಡಿ ಹೇಳುತ್ತೇನೆ ಅನ್ನುವಷ್ಟರಲ್ಲಿ ಅಪ್ಪಯ್ಯ ಫೋನು ತೆಗೆದುಕೊಂಡರು.

"ಜೇಡ ಸಾಯ್ತಿಲ್ಲೆ, ಅಡ್ಡಿಲ್ಲೆ. ಆದ್ರೆ ಸಾಯುವಷ್ಟು ಪೆಟ್ಟು ಅಂದ್ರೆ ಒಂದೇ. ಸಾಯ್ತೋ ಬಿಡ್ತೋ ಅದು ಬೇರೆ ಮಾತು. ಐದು ಮುಂದೆ ಹೋಗ್ತು. ಅಲ್ದಾ?"

ನೋಡಿದೆ. ಹೌದು, ಹೋಗುತ್ತದೆ.